ಫ್ರೇಸಲ್ ವರ್ಬ್ ಕಲಿಯಲು ಆಂಕಿ: ದೀರ್ಘಕಾಲದ ಬಳಕೆಯ ನಂತರ

ರೇಟಿಂಗ್: 5ಕ್ಕೆ 4

ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳನ್ನು (‘ಟೇಕ್ ಆಫ್’, ‘ಲುಕ್ ಆಫ್ಟರ್’ನಂತೆ ಕ್ರಿಯಾಪದಕ್ಕೆ ಇನ್ನೊಂದು ಪುಟ್ಟ ಪದ ಸೇರಿ ಆಗುವವು) ನೆನಪಿನಲ್ಲಿ ಉಳಿಸಿಕೊಳ್ಳಲು ಆಂಕಿ ಎಂಬ ಪ್ರಶ್ನೋತ್ತರ ಕಾರ್ಡ್‌ಗಳ ಆ್ಯಪ್ ನಿಜಕ್ಕೂ ಒಳ್ಳೆಯ ಸಾಧನ. ಒಂದೇ ಷರತ್ತು, ಕಾರ್ಡ್‌ಗಳನ್ನು ನೀವೇ ಬರೆದುಕೊಳ್ಳಬೇಕು. ಬೇರೆಯವರು ಮಾಡಿಟ್ಟ ಡೆಕ್ (ಕಾರ್ಡ್‌ಗಳ ಕಟ್ಟು) ಇಳಿಸಿಕೊಂಡು ತಿಂಗಳುಗಟ್ಟಲೆ ತಿರುವಿದರೆ ಓದುವಾಗ ಅರ್ಥ ಹೊಳೆಯುತ್ತದೆ, ಮಾತಾಡುವಾಗ ಬಾಯಿಗೆ ಬರುವುದಿಲ್ಲ.

ಆ್ಯಪ್ 2006ರಿಂದ ಇದೆ. ಕಂಪ್ಯೂಟರ್‌ಗೂ ಆಂಡ್ರಾಯ್ಡ್‌ಗೂ ಉಚಿತ, ಐಫೋನ್‌ಗೆ ಮಾತ್ರ ಹಣ ಕೊಟ್ಟು ಕೊಳ್ಳಬೇಕು. ಪ್ರಶ್ನೆ ತೋರಿಸುತ್ತದೆ, ಉತ್ತರ ಎಷ್ಟು ಸುಲಭವಾಗಿ ನೆನಪಾಯಿತು ಎಂದು ನೀವು ಬಟನ್ ಒತ್ತುತ್ತೀರಿ, ಮರೆಯುವ ಹೊತ್ತಿಗೆ ಅದೇ ಕಾರ್ಡ್ ಮತ್ತೆ ಎದುರಿಗೆ ಬರುತ್ತದೆ. ಇಷ್ಟೇ.

ಸಿದ್ಧ ಡೆಕ್‌ಗಳು ಎಲ್ಲಿ ಕೈಕೊಡುತ್ತವೆ ಎಂದರೆ, ಮುಂಭಾಗದಲ್ಲಿ ‘ಟೇಕ್ ಆಫ್’ ಎಂದಿರುತ್ತದೆ, ಹಿಂಭಾಗದಲ್ಲಿ ವಿಮಾನ ಮೇಲೇರುವುದು, ಶೂ ಕಳಚುವುದು, ವ್ಯಾಪಾರ ಇದ್ದಕ್ಕಿದ್ದಂತೆ ಕುದುರುವುದು, ರಜೆ ಹಾಕುವುದು ಎಲ್ಲ ಒಟ್ಟಿಗೆ ಇರುತ್ತವೆ. ನಾಲ್ಕರಲ್ಲಿ ಮೂರು ನೆನಪಾದರೆ ಯಾವ ಬಟನ್ ಒತ್ತಬೇಕು? ಪ್ರಾಮಾಣಿಕ ಉತ್ತರವೇ ಇಲ್ಲ. ಹೀಗಾಗಿ ಒಂದು ಅರ್ಥಕ್ಕೆ ಒಂದು ವಾಕ್ಯ, ಒಂದು ಕಾರ್ಡ್. ‘ಟೇಕ್ ಆಫ್’ಗೆ ನಾಲ್ಕು ಕಾರ್ಡ್ ಆದರೂ ಪರವಾಗಿಲ್ಲ.

ಆಂಕಿಯಲ್ಲಿ ‘ಕ್ಲೋಜ್’ ಎಂಬ ಮಾದರಿ ಇದೆ: ವಾಕ್ಯ ಬರೆದು, ಮುಚ್ಚಬೇಕಾದ ಭಾಗವನ್ನು ಆಯ್ಕೆ ಮಾಡಿ, ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿದರೆ ಅಲ್ಲಿ ಖಾಲಿ ಜಾಗ ಬೀಳುತ್ತದೆ. ಏನನ್ನು ಮುಚ್ಚಬೇಕು ಎಂಬುದರಲ್ಲೇ ಕಲಿಕೆ ಇದೆ. ಕ್ರಿಯಾಪದ ಮುಚ್ಚಬೇಡಿ, ಪುಟ್, ಗೆಟ್, ಟೇಕ್ ಎಲ್ಲರಿಗೂ ಗೊತ್ತು. ತಪ್ಪುವುದು ಅದರ ಜೊತೆಗಿನ ಆಫ್, ಅಪ್, ಔಟ್, ಡೌನ್‌ಗಳಲ್ಲಿ. ಮುಚ್ಚಬೇಕಾದ್ದು ಅವುಗಳನ್ನೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರ್ವನಾಮವನ್ನೂ ಸೇರಿಸಿ ಮುಚ್ಚಿದರೆ ವ್ಯಾಕರಣವೂ ಜೊತೆಯಲ್ಲೇ ಬರುತ್ತದೆ. ‘ದ ಟಿವಿ ಈಸ್ ಟೂ ಲೌಡ್, ಟರ್ನ್ ___’ ಎಂಬಲ್ಲಿ ಉತ್ತರ ‘ಇಟ್ ಡೌನ್’. ‘ಟರ್ನ್ ಡೌನ್ ದ ಟಿವಿ’, ‘ಟರ್ನ್ ದ ಟಿವಿ ಡೌನ್’ ಎರಡೂ ಸರಿ, ಆದರೆ ಇಟ್, ಹಿಮ್, ದೆಮ್ ಬಂದರೆ ಅವು ನಡುವೆಯೇ ಕೂರಬೇಕು. ‘ಲುಕ್ ಆಫ್ಟರ್’ನಂಥವು ಬೇರೆಯಾಗುವುದೇ ಇಲ್ಲ, ಅಲ್ಲಿ ‘ಆಫ್ಟರ್ ಹಿಮ್’ ಅಂತಲೇ ಬರಬೇಕು. ಈ ನಿಯಮವನ್ನು ಬಾಯಿಪಾಠ ಮಾಡಿದವರೂ ಮಾತಿನ ಭರದಲ್ಲಿ ಎಡವುತ್ತಾರೆ. ಖಾಲಿ ಜಾಗ ತುಂಬಿ ತುಂಬಿ ಅಭ್ಯಾಸವಾದವರು ಅಷ್ಟಾಗಿ ಎಡವುವುದಿಲ್ಲ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ___ ಯು’ ಎಂಬಲ್ಲಿ ‘ಟು ಮೀಟಿಂಗ್’ ಪೂರ್ತಿ ಮುಚ್ಚಿ, ಏಕೆಂದರೆ ‘ಟು ಮೀಟ್’ ಎಂಬ ತಪ್ಪು ಅಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆ. ‘ಕೋಪ್ ಅಪ್ ವಿತ್’ ಕೂಡ ಅಂಥದ್ದೇ. ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ ಕೇಳಿದ ಕಿವಿ ಅಲ್ಲೂ ಒಂದು ‘ಅಪ್’ ಸೇರಿಸಿಬಿಡುತ್ತದೆ. ಸರಿಯಾದದ್ದು ‘ಕೋಪ್ ವಿತ್’.

ಖಾಲಿ ಜಾಗಕ್ಕೆ ಎರಡು ಉತ್ತರ ಹೊಂದುವ ಅಪಾಯ ಈ ಮಾದರಿಯಲ್ಲಿ ಸದಾ ಇರುತ್ತದೆ. ‘ದ ಮೀಟಿಂಗ್ ವಾಸ್ ಪುಟ್ ___ ಟಿಲ್ ಮಂಡೇ’ ಎಂಬಲ್ಲಿ ‘ಆಫ್’ ಸರಿ, ಬ್ರಿಟಿಷ್ ಬಳಕೆಯಲ್ಲಿ ‘ಬ್ಯಾಕ್’ ಕೂಡ ಸರಿ, ಎರಡಕ್ಕೂ ಮುಂದೂಡು ಎಂದೇ ಅರ್ಥ. ಕನ್ನಡದಲ್ಲಿ ಅರ್ಥದ ಸುಳಿವು ಕೊಟ್ಟರೂ ಇಲ್ಲಿ ಸಾಲದು, ಉತ್ತರದ ಮೊದಲ ಅಕ್ಷರವನ್ನೂ ಸುಳಿವಾಗಿ ಕೊಡಬೇಕು.

ಕನ್ನಡಿಗರಿಗೆ ಒಂದು ಅನುಕೂಲವಿದೆ, ಅದನ್ನು ಯಾವ ಸಿದ್ಧ ಡೆಕ್ಕೂ ಬಳಸಿಕೊಳ್ಳುವುದಿಲ್ಲ. ‘ಈಟ್ ಅಪ್’ ಎಂದರೆ ತಿಂದುಬಿಡು, ‘ಟೇರ್ ಅಪ್’ ಎಂದರೆ ಹರಿದುಹಾಕು. ನಮ್ಮ ಬಿಡು, ಹಾಕುಗಳು ಕೆಲಸ ಪೂರ್ತಿ ಮುಗಿಯಿತೆಂದು ಹೇಳುವ ಹಾಗೆ ಅಲ್ಲಿ ‘ಅಪ್’ ಹೇಳುತ್ತದೆ. ‘ರೀಡ್ ಆನ್’, ‘ವಾಕ್ ಆನ್’ಗಳ ‘ಆನ್’ ನಮ್ಮ ‘ಓದುತ್ತಾ ಹೋಗು’, ‘ನಡೆಯುತ್ತಾ ಹೋಗು’ಗಳಿಗೆ ಹತ್ತಿರ. ಇದನ್ನು ಕಾರ್ಡಿನ ಹಿಂಭಾಗದಲ್ಲಿ ಒಂದು ಸಾಲಾಗಿ ಬರೆದಿಡಿ. ಹಾಗಂತ ಎಲ್ಲಕ್ಕೂ ಎಳೆಯಬೇಡಿ: ‘ಬ್ರಿಂಗ್ ಅಪ್’, ಅಂದರೆ ವಿಷಯ ಎತ್ತು ಅಥವಾ ಮಗು ಬೆಳೆಸು, ಈ ಲೆಕ್ಕಕ್ಕೆ ಸಿಗುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಮೊದಲು ಬದಲಿಸಬೇಕಾದದ್ದು ದಿನದ ಹೊಸ ಕಾರ್ಡ್‌ಗಳ ಸಂಖ್ಯೆ. ಮೂಲದಲ್ಲಿ 20 ಇರುತ್ತದೆ, 5ಕ್ಕೆ ಇಳಿಸಿ. ಕೆಲವೇ ವಾರಗಳಲ್ಲಿ ದಿನದ ಪುನರಾವರ್ತನೆ ಹೊಸ ಕಾರ್ಡ್‌ಗಳ ಹತ್ತು ಪಟ್ಟಿನ ಹತ್ತಿರಕ್ಕೆ ಏರುತ್ತದೆ, 200 ಕಾರ್ಡ್ ಕಂಡ ದಿನ ಬಹಳ ಜನ ಆ್ಯಪ್ ಮುಚ್ಚಿದವರು ಮತ್ತೆ ತೆರೆಯುವುದಿಲ್ಲ. ಹೊಸ ಕಾರ್ಡ್‌ಗಳ ಕ್ರಮವನ್ನು ರ‍್ಯಾಂಡಮ್ ಮಾಡಿ. ಪುಟ್ ಆನ್, ಪುಟ್ ಆಫ್, ಪುಟ್ ಔಟ್, ಪುಟ್ ಅಪ್ ಒಂದೇ ದಿನ ಬಂದರೆ ನಾಲ್ಕೂ ಕಲಸುಮೇಲೋಗರ.

23.10 ಆವೃತ್ತಿಯಿಂದ, ಕಾರ್ಡ್ ಮತ್ತೆ ಯಾವಾಗ ತೋರಿಸಬೇಕೆಂದು ನಿರ್ಧರಿಸುವ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರ ಆಂಕಿಯೊಳಗೇ ಬಂದಿದೆ, ಅದನ್ನು ಆನ್ ಮಾಡಿಕೊಳ್ಳಿ. ನೆನಪಿನ ಗುರಿ 0.90 ಇರುತ್ತದೆ, ಅಂದರೆ ನೂರರಲ್ಲಿ ತೊಂಬತ್ತು ನೆನಪಾಗಬೇಕು, ಅಲ್ಲೇ ಬಿಡಿ. 0.97ಕ್ಕೆ ಏರಿಸುವ ಆಸೆಯಾಗುತ್ತದೆ, ಆದರೆ ಕೆಲಸ ವಿಪರೀತ ಹೆಚ್ಚುತ್ತದೆ. ಮರೆತಾಗ ‘ಅಗೇನ್’ ಒತ್ತಿ. ‘ಹಾರ್ಡ್’ ಎಂದರೆ ಕಷ್ಟಪಟ್ಟು ನೆನಪಾಯಿತು ಎಂದರ್ಥ. ಮರೆತದ್ದಕ್ಕೂ ಅದನ್ನೇ ಒತ್ತಿದರೆ ಎಫ್‌ಎಸ್‌ಆರ್‌ಎಸ್ ನಿಮಗೆ ನೆನಪಿದೆ ಎಂದು ತಿಳಿದು ಅಂತರ ಹಿಗ್ಗಿಸುತ್ತದೆ.

ಎಂಟು ಸಲ ಮರೆತ ಕಾರ್ಡಿಗೆ ಆಂಕಿ ತಾನಾಗಿ ‘ಲೀಚ್’ ಎಂಬ ಗುರುತು ಹಾಕುತ್ತದೆ. ಫ್ರೇಸಲ್ ವರ್ಬ್‌ಗಳಲ್ಲಿ ಲೀಚ್ ಎಂದರೆ ಹೆಚ್ಚಾಗಿ ವಾಕ್ಯವೇ ಕೆಟ್ಟದ್ದು: ಸಂದರ್ಭ ಸಾಲದು, ಇಲ್ಲವೇ ಎರಡು ಉತ್ತರ ಹೊಂದುತ್ತವೆ. ಆ ಕಾರ್ಡ್ ಅಳಿಸಿ, ಬೇರೆ ವಾಕ್ಯದಲ್ಲಿ ಹೊಸದು ಬರೆಯಿರಿ.

ನಾಲ್ಕೇ ಸ್ಟಾರ್ ಕೊಡಲು ಕಾರಣ ಉಚ್ಚಾರ. ‘ಟರ್ನ್ ಇಟ್ ಆಫ್’ನಲ್ಲಿ ಒತ್ತು ‘ಆಫ್’ ಮೇಲೆ, ‘ಲುಕ್ ಅಟ್ ಇಟ್’ನಲ್ಲಿ ‘ಲುಕ್’ ಮೇಲೆ. ‘ಬ್ಯಾಕಪ್’ ನಾಮಪದವಾದರೆ ಒತ್ತು ಮೊದಲಿಗೆ, ಕ್ರಿಯೆಯಾದರೆ ‘ಅಪ್’ಗೆ. ಅಕ್ಷರದ ಕಾರ್ಡ್ ಇದನ್ನು ತೋರಿಸುವುದಿಲ್ಲ, ಆ್ಯಪ್ ಓದಿ ಹೇಳುವ ಯಂತ್ರದ ದನಿಯನ್ನು ಪೂರ್ತಿ ನಂಬುವಂತಿಲ್ಲ. ಮುಖ್ಯ ವಾಕ್ಯಗಳಿಗಾದರೂ ಮನುಷ್ಯರ ಧ್ವನಿ ಸೇರಿಸಿ, ಉತ್ತರವನ್ನು ಪ್ರತಿ ಸಲ ಜೋರಾಗಿ ಹೇಳಿ. ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನೂ ನೀವೇ ಬರೆದಿಡಬೇಕು: ‘ಪುಟ್ ಅಪ್ ವಿತ್’ ಮಾತಿಗೆ, ‘ಟಾಲರೇಟ್’ ಬರಹಕ್ಕೆ. ಆದರೆ ‘ಕ್ಯಾರಿ ಔಟ್’, ‘ಅಕೌಂಟ್ ಫಾರ್’ ಔಪಚಾರಿಕ ವರದಿಗಳಲ್ಲೂ ಸಲೀಸಾಗಿ ಬರುತ್ತವೆ. ಫ್ರೇಸಲ್ ವರ್ಬ್ ಎಲ್ಲವೂ ಹರಟೆಯ ಭಾಷೆ ಎಂದುಕೊಂಡು ಬರಹದಿಂದ ತೆಗೆದುಹಾಕಬೇಡಿ.

ಮೊಬೈಲ್ ಮತ್ತು ಕಂಪ್ಯೂಟರ್ ಎರಡರಲ್ಲೂ ಬಳಸುವವರಿಗೆ ಒಂದು ಎಚ್ಚರಿಕೆ. ಕಾರ್ಡಿನ ಮಾದರಿಗೆ ಹೊಸ ಫೀಲ್ಡ್ (ಮಾಹಿತಿ ತುಂಬುವ ಜಾಗ) ಸೇರಿಸಿದರೆ ಮುಂದಿನ ಸಿಂಕ್, ಅಂದರೆ ಎರಡೂ ಕಡೆಯ ಕಾರ್ಡ್‌ಗಳನ್ನು ಹೊಂದಿಸುವುದು, ಒಂದೇ ದಿಕ್ಕಿನಲ್ಲಿ ಆಗುತ್ತದೆ, ಅಪ್‌ಲೋಡೋ ಡೌನ್‌ಲೋಡೋ ಎಂದು ಕೇಳುತ್ತದೆ. ತಪ್ಪು ಕಡೆ ಆರಿಸಿದರೆ ಇನ್ನೊಂದರಲ್ಲಿ ಸೇರಿಸಿದ್ದ ಕಾರ್ಡ್‌ಗಳು ಹೋಗುತ್ತವೆ. ಮಾದರಿ ಬದಲಿಸುವ ಮೊದಲು ಎರಡನ್ನೂ ಸಿಂಕ್ ಮಾಡಿ, ಡೆಕ್ಕಿನ ಒಂದು ಪ್ರತಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.