ದಾವಣಗೆರೆಯಲ್ಲಿ ದೋಸೆ ಹುಡುಕಿದ್ದು: ಮ್ಯಾಪಿನ ಸ್ಟಾರಾ, ಆಟೋದವರ ಮಾತಾ?

ಮೈಸೂರಿನಿಂದ ದಾವಣಗೆರೆಗೆ ವರ್ಗವಾಗಿ ಬಂದ ಮೊದಲ ತಿಂಗಳು ನನಗೆ ಒಂದೇ ಚಿಂತೆ. ಬೆಣ್ಣೆ ದೋಸೆ ಎಲ್ಲಿ ತಿನ್ನೋದು? ಬೋರ್ಡು ನೋಡಿದರೆ ಎಲ್ಲರೂ ಹಳಬರೇ, ಎಲ್ಲರೂ ಒರಿಜಿನಲ್ಲೇ. ಕೊನೆಗೆ ಒಂದು ಭಾನುವಾರ ಗೂಗಲ್ ಮ್ಯಾಪ್ ತೋರಿಸಿದ ಕಡೆ ಹೋದೆ, ಮುಂದಿನ ಭಾನುವಾರ ಊರಿನವರು ಹೇಳಿದ ಕಡೆ.

ಮ್ಯಾಪಿನ ಹೋಟೆಲ್‌ನಲ್ಲಿ ಸ್ಟಾರಿಗೆ ತಕ್ಕಂತೆ ಎಲ್ಲಾ ನೀಟು. ಕಾರು ನಿಲ್ಲಿಸಲು ಜಾಗ, ಫ್ಯಾನಿನ ಕೆಳಗೆ ಕುರ್ಚಿ, ಹತ್ತು ನಿಮಿಷಕ್ಕೆ ದೋಸೆ. ಗರಿಗರಿಯಾಗೇ ಇತ್ತು. ಆದರೆ ಬೇಯಿಸಿದ್ದು ಗ್ಯಾಸಿನಲ್ಲಿ, ಬೆಣ್ಣೆ ಇಟ್ಟಿದ್ದು ತಟ್ಟೆಗೆ ಹಾಕಿದ ಮೇಲೆ. ಪಲ್ಯಕ್ಕೆ ಅರಿಶಿನ ಬೇರೆ! ಇಲ್ಲಿನ ಆಲೂಗಡ್ಡೆ ಪಲ್ಯ ಬೆಳ್ಳಗಿರಬೇಕು ಅಲ್ವಾ? ಇದು ಮಸಾಲೆ ದೋಸೆಯ ತಮ್ಮನಂತಿತ್ತು.

ಊರಿನವರ ಮಾತನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಮೊದಲ ಆಟೋದವರು ಬಾಯ್ತುಂಬ ಹೊಗಳಿದ ಹೋಟೆಲ್ ಅವರ ಭಾಮೈದನದ್ದು ಅಂತ ಬಿಲ್ಲು ಕೊಡುವಾಗ ಗೊತ್ತಾಯಿತು. ಆಮೇಲೆ ಪ್ರಶ್ನೆ ಬದಲಿಸಿದೆ. ‘ಎಲ್ಲಿ ಚೆನ್ನಾಗಿರುತ್ತೆ’ ಅಂತ ಕೇಳಲಿಲ್ಲ. ‘ಬೆಳಿಗ್ಗೆ ನೀವು ಎಲ್ಲಿ ತಿಂತೀರಿ ಅಣ್ಣ?’ ಅಂದೆ. ಹಾಗೆ ಸಿಕ್ಕಿದ್ದು ಮಂಡಿಪೇಟೆ ಹತ್ತಿರದ ಗಲ್ಲಿಯಲ್ಲಿ ಆರು ಬೆಂಚಿನ ಒಂದು ಅಂಗಡಿ.

ಅಲ್ಲಿ ಸೌದೆ ಒಲೆ, ದಪ್ಪ ಕಾವಲಿ. ಹಿಟ್ಟು ಹುಯ್ದು, ಮೇಲೆ ಹಸಿ ಇರುವಾಗಲೇ ಬೆಣ್ಣೆ ಬೀಳುತ್ತದೆ, ಮಗುಚಿದ ಮೇಲೆ ಮತ್ತೊಂದು ಸಲ. ಅಂಚು ಕರಿದ ಹಾಗೆ ಗರಿ, ನಡುವೆ ಮೆತ್ತಗೆ. ಬೆಳ್ಳನೆ ಪಲ್ಯ, ನೀರಾದ ಕಾಯಿ ಚಟ್ನಿ. ಸಾಂಬಾರ್ ಕೇಳಿದ್ದಕ್ಕೆ ಪಕ್ಕದ ಬೆಂಚಿನ ಅಜ್ಜ ನಕ್ಕರು. ಚೆನ್ನಮ್ಮ ಅನ್ನೋರು 1928ರಲ್ಲಿ ಬೆಳಗಾವಿ ಕಡೆಯಿಂದ ಬಂದು ಇಲ್ಲಿ ರಾಗಿ ದೋಸೆ ಮಾರುತ್ತಿದ್ದರಂತೆ. 1938ರ ಹೊತ್ತಿಗೆ ಅವರ ಮಕ್ಕಳು ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ರುಬ್ಬಿ, ಬೆಣ್ಣೆ ಹಾಕಿ ಹುಯ್ಯಲು ಶುರು ಮಾಡಿದರಂತೆ. ಅಜ್ಜನ ಬಾಯಲ್ಲಿ ಈ ಕತೆ ಮುಗಿಯುವಷ್ಟರಲ್ಲಿ ನಾನು ಎರಡನೇ ದೋಸೆ ಮುಗಿಸಿದ್ದೆ.

ಕಷ್ಟವೂ ಇದೆ. ನಲವತ್ತು ನಿಮಿಷ ಕಾದೆ, ಹೊಗೆಗೆ ಕಣ್ಣು ಉರಿಯಿತು. ಹನ್ನೊಂದಾದರೆ ಹಿಟ್ಟು ಖಾಲಿ. ಪಾರ್ಸೆಲ್ ಅಂತೂ ಬೇಡವೇ ಬೇಡ, ಮನೆ ಮುಟ್ಟುವಷ್ಟರಲ್ಲಿ ತೊಪ್ಪೆ. ಕಳೆದ ವಾರ ಅಮ್ಮ ಬಂದಿದ್ದರು. ಅವರ ಮೊಣಕಾಲಿಗೆ ಆ ಬೆಂಚು ಆಗದು ಅಂತ ಮ್ಯಾಪಿನ ಹೋಟೆಲ್‌ಗೇ ಕರೆದುಕೊಂಡು ಹೋದೆ. ಅವರಿಗೆ ಅದೇ ಇಷ್ಟವಾಯಿತು! ಮೈಸೂರಿನವರಲ್ವಾ, ಅರಿಶಿನ ಬೇಕು.

ಸಂಜೆಯ ಮೆಣಸಿನಕಾಯಿ ಮಂಡಕ್ಕಿಗೆ ಮಾತ್ರ ಪೈಪೋಟಿಯೇ ಇಲ್ಲ. ನಮ್ಮ ರಸ್ತೆಯ ಗಾಡಿ ಯಾವ ಮ್ಯಾಪಿನಲ್ಲೂ ಇಲ್ಲ. ಐದೂವರೆಗೆ ಎಣ್ಣೆ ಕಾದ ವಾಸನೆ ಕಿಟಕಿಯಿಂದ ಒಳಗೆ ಬಂದರೆ, ಗಾಡಿ ಬಂತು ಅಂತ ಲೆಕ್ಕ.