ಮೂರು ತಿಂಗಳ ಜಪಾನಿ ಕ್ಲಾಸು: ದುಡ್ಡು ವಸೂಲಾಯ್ತಾ?

ಸೇಡಂ ರೋಡಿನ ಮನೆಯಲ್ಲೇ ಕೂತು ಟೋಕಿಯೋದ ಒಂದು ಕಂಪನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಅಲ್ಲಿ ಒಂಬತ್ತು ಹೊಡೆದರೆ ನಮಗೆ ಬೆಳಗಿನ 5.30. ಕಲಬುರಗಿಯ ಮೇ ತಿಂಗಳಲ್ಲಿ ತಂಪಾಗಿರುವ ಹೊತ್ತು ಅದೊಂದೇ, ಹಾಗಾಗಿ ಅದಕ್ಕೆ ತಕರಾರಿಲ್ಲ. ಕಷ್ಟ ಇದ್ದದ್ದು ಮಾತಿನದ್ದು. ಮ್ಯಾನೇಜರ್ ಹೇಳಿದರು ಅಂತ ಐಟಿಯವರಿಗಾಗಿ ನಡೆಸುವ ಆನ್‌ಲೈನ್ ಕ್ಲಾಸಿಗೆ ಸೇರಿದೆ. ಫೀ 18,000, ಅರ್ಧ ಆಫೀಸಿನವರು ಕೊಟ್ಟರು.

ಮೊದಲ ತಿಂಗಳು ಸಲೀಸು. ಜಪಾನಿಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ನಾವು ‘ಅಂತ’ ಅನ್ನುವ ಕಡೆ ಅವರು ‘ತೊ’ ಅಂತಾರೆ, ‘ಅಲ್ವಾ’ ಬದಲು ‘ನೆ’. ಇದನ್ನೆಲ್ಲ ಇಂಗ್ಲಿಷ್‌ನಲ್ಲಿ ಸುತ್ತಿ ಬಳಸಿ ಹೇಳಿದರು, ಕನ್ನಡದಲ್ಲಾಗಿದ್ದರೆ ಎರಡೇ ದಿನದ ಪಾಠ. ಎರಡನೇ ತಿಂಗಳ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳ ಪಾಠ, ಮಾತ್ರ ದಂಡ. ಸ್ಕ್ರೀನ್ ಮೇಲೆ ಅಕ್ಷರ ಓಡಿಸಿದ್ದೇ ಓಡಿಸಿದ್ದು. ಕರೆಂಟು ಹೋಗಿ ಕ್ಲಾಸು ತಪ್ಪಿದರೆ ರೆಕಾರ್ಡಿಂಗ್ ಸಿಗಲು ನಾಲ್ಕು ದಿನ.

ಮೂರನೇ ತಿಂಗಳು ಬಂದವರು ಓಸಾಕಾದಲ್ಲಿ ಬ್ರಿಡ್ಜ್ ಎಂಜಿನಿಯರ್ ಆಗಿದ್ದ ಮೇಡಂ. ಅಂದರೆ ಜಪಾನಿ ಗಿರಾಕಿಗೂ ನಮ್ಮ ಟೀಮಿಗೂ ನಡುವೆ ನಿಂತು ಎರಡೂ ಕಡೆ ಮಾತಾಡುವವರು. ಪುಸ್ತಕ ಮುಚ್ಚಿಸಿ ಮೀಟಿಂಗ್ ಮಾತು ಹಿಡಿದರು. ಜಪಾನಿಯಲ್ಲಿ ‘ಹೌದು’ ಅನ್ನಲು ‘ಹಾಯ್’ ಅಂತಾರೆ, ಆದರೆ ಹಾಗಂದರೆ ಒಪ್ಪಿದರು ಅಂತಲ್ಲ, ಎಷ್ಟೋ ಸಲ ಅದು ಬರೀ ‘ಹ್ಞೂಂ, ಹೇಳ್ರಿ’. ‘ಕೆಂತೋ ಶಿಮಾಸು’ ಅಂದರೆ ಪರಿಶೀಲಿಸುತ್ತೇವೆ ಅಂತ, ಆದರೆ ಬಹಳ ಸಲ ಆಗಲ್ಲ ಅಂತಲೇ ತಿಳಿಯಬೇಕು. ನಮ್ಮಲ್ಲಿ ಕೈಸಾಲ ಕೇಳಿದರೆ ‘ನೋಡೋಣ್ರಿ’ ಅಂತಾರಲ್ಲ, ಅದೇ!

ಆಮೇಲೆ ಗಿರಾಕಿಗೆ ಪ್ರಶ್ನೆ ಕೇಳುವ ಎಕ್ಸೆಲ್ ಶೀಟು. ‘ಹೆಸರಿನ ಕಾಲಂ ಹೇಗಿರಬೇಕು?’ ಅಂತ ಸುಮ್ನೆ ಬರೆದಿದ್ದೆ. ಮೇಡಂ ಅಷ್ಟನ್ನೂ ಅಳಿಸಿ ಬರೆದದ್ದು ಹೀಗೆ: ‘ನೀವು ಕೊಟ್ಟ ದಾಖಲೆಯ 14ನೇ ಪುಟದಲ್ಲಿ ಪೂರ್ಣ ಅಗಲದ ಕತಾಕಾನಾ ಅಂತ ಇದೆ. ಯಾರಾದರೂ ಅರ್ಧ ಅಗಲದಲ್ಲಿ ಟೈಪ್ ಮಾಡಿದರೆ ಎರರ್ ತೋರಿಸುವುದೋ, ನಾವೇ ಬದಲಿಸಿಕೊಳ್ಳುವುದೋ? ಬದಲಿಸುವುದು ಒಳ್ಳೆಯದು ಅಂತ ನಮಗನಿಸುತ್ತದೆ. ಗುರುವಾರದೊಳಗೆ ತಿಳಿಸಿ.’ ಕತಾಕಾನಾ ಲಿಪಿಯ ಒಂದೇ ಅಕ್ಷರವನ್ನು ಎರಡು ಅಗಲದಲ್ಲಿ ಟೈಪ್ ಮಾಡಬಹುದು, ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ. ಇದು ಗೊತ್ತಿಲ್ಲದೇ ನಮ್ಮ ಟೀಮು ಹಿಂದೆ ಎರಡು ವಾರದ ಕೆಲಸ ಮತ್ತೆ ಮಾಡಿತ್ತು. ಈಗ ನಾನು ಸಂಜೆ ಹಾಕಿದ ಪ್ರಶ್ನೆಗೆ ಬೆಳಗಾಗುವಷ್ಟರಲ್ಲಿ ಉತ್ತರ ಬಂದಿರುತ್ತದೆ.

ಜುಲೈ, ಡಿಸೆಂಬರಿನಲ್ಲಿ ನಡೆಯುವ ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಗೆ ಅಂತ ಸೇರುವವರಿಗೆ ಈ ಕ್ಲಾಸು ಬೇಡ. ಜಪಾನಿ ಪ್ರಾಜೆಕ್ಟ್ ಕೈಯಲ್ಲಿದ್ದವರು ಧಾರಾಳವಾಗಿ ಸೇರಿ. ನನ್ನ ತಮ್ಮನನ್ನು ಮೂರನೇ ತಿಂಗಳಿಗೆ ಮಾತ್ರ ಸೇರಿಸಿಕೊಳ್ತೀರಾ ಅಂತ ಕೇಳಿದೆ. ‘ಪರಿಶೀಲಿಸುತ್ತೇವೆ’ ಅಂದರು.