ಕುಂಡಲಿಕಾದಲ್ಲಿ ಕಯಾಕ್ ಹತ್ತುವ ಮುನ್ನ ಇದನ್ನು ಓದಿ

ಮುಂಬಯಿ, ಪುಣೆಗಳಿಂದ ಮಹಾರಾಷ್ಟ್ರದ ಕೋಲಾಡಿಗೆ ನೀರಾಟಕ್ಕೆಂದು ಹೊರಡುವ ನಮ್ಮ ಕನ್ನಡ ಕುಟುಂಬಗಳು ಒಂದು ಸಂಗತಿಯನ್ನು ತಿಳಿದಿರಬೇಕು. ಅಲ್ಲಿನ ಕುಂಡಲಿಕಾ ನದಿಯ ರಭಸ ಮಳೆಯೊಂದನ್ನೇ ಅವಲಂಬಿಸಿಲ್ಲ. ಮುಳಶಿ ಜಲಾಶಯದ ನೀರು ಭಿರಾ ಜಲವಿದ್ಯುತ್ ಕೇಂದ್ರವನ್ನು ಹಾದು ಈ ನದಿಗೆ ಬರುವುದರಿಂದ, ಆಕಾಶ ತಿಳಿಯಾಗಿದ್ದರೂ ನೀರು ಬಿಟ್ಟೊಡನೆ ಹೊಳೆ ಏರುತ್ತದೆ.

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗ ಅಲ್ಲಿ ಒಬ್ಬರೇ ಕೂತು ಹುಟ್ಟು ಹಾಕುವ, ಗಾಳಿ ತುಂಬಿದ ಸಣ್ಣ ದೋಣಿಯಾದ ಕಯಾಕ್‌ನಲ್ಲಿ ಇಳಿದ. ವ್ಯವಸ್ಥಾಪಕರು ಕೊಟ್ಟ ಲೈಫ್ ಜಾಕೆಟ್ ಅವನ ಮೈಗೆ ಎರಡು ಪಟ್ಟು ದೊಡ್ಡದಿತ್ತು. ಮುರಿದ ಬಕಲ್ಲಿನ ಜಾಗದಲ್ಲಿ ದಾರ ಕಟ್ಟಿದ್ದರು. ತರಬೇತಿಯೆಂಬುದು ಚಹಾ ಆರುವಷ್ಟರಲ್ಲಿ ಮುಗಿಯಿತು. ಮೊದಲ ದೊಡ್ಡ ಇಳಿಜಾರಿನಲ್ಲೇ ಕಯಾಕ್ ಅಡ್ಡ ತಿರುಗಿ ಬಂಡೆಗೆ ಬಡಿದು ಮಗುಚಿತು. ಜಾಕೆಟ್ ಕಿವಿಯವರೆಗೆ ಏರಿ ಮೂಗುಬಾಯಿ ಮುಚ್ಚಿತು. ನೀರು ಸೊಂಟದ ಮಟ್ಟಕ್ಕೆ ಬಂದಲ್ಲಿ ಹುಡುಗ ಸಹಜವಾಗಿಯೇ ಎದ್ದು ನಿಂತ. ಪಾದ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿತು, ಬೆನ್ನ ಹಿಂದಿನ ಸೆಳವು ಅವನನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸತೊಡಗಿತು. ಕೆಳಗೆ ಹಗ್ಗ ಹಿಡಿದು ಕಾಯಬೇಕಿದ್ದವರು ಯಾರೂ ಇರಲಿಲ್ಲ. ಬೇರೊಂದು ತಂಡದ ಮಾರ್ಗದರ್ಶಿ ದಡದಿಂದ ಹಗ್ಗ ಎಸೆದು ಎಳೆದದ್ದರಿಂದ ಅವನು ಉಳಿದ. ಹಿಮ್ಮಡಿಗಂಟಿನ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು ಮಾತ್ರ ಹರಿಯಿತು. ವ್ಯವಸ್ಥಾಪಕರು ಸಹಿ ಮಾಡಿಸಿಕೊಂಡಿದ್ದ ಕಾಗದ ತೋರಿಸಿ, “ನೀರಾಟದಲ್ಲಿ ಇದೆಲ್ಲ ಇದ್ದದ್ದೇ” ಎಂದರು. ಅಪಘಾತಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಕೆರಳಿಸಿತು.

ಹರಿವಿನ ವೇಗ ಇಮ್ಮಡಿಯಾದರೆ ನೀರು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಸೊಂಟದ ನೀರಿನಲ್ಲಿ ಈಜುಗಾರನೂ ಸೋಲುತ್ತಾನೆ. ರಭಸದ ನೀರಿಗೆ ಬಿದ್ದವರು ಅಂಗಾತ ತೇಲುತ್ತ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಂಡು, ನೀರಿನ ವೇಗ ಕುಗ್ಗಿ ಆಳವೂ ತಗ್ಗುವವರೆಗೆ ಕಾಲೂರದೆ ಇರಬೇಕು. ಮಗುಚಿದ ದೋಣಿಗೂ ಬಂಡೆಗೂ ನಡುವೆ ಸಿಕ್ಕಿಕೊಳ್ಳದಂತೆ ದೋಣಿಯ ಮೇಲ್ಹರಿವಿನ ಕಡೆಗೆ ಸರಿಯಬೇಕು. ಎಸೆದ ಹಗ್ಗವನ್ನು ಕೈಯಲ್ಲಿ ಹಿಡಿಯಬೇಕೇ ಹೊರತು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು.

ಜಾಕೆಟ್ ತೊಟ್ಟ ಮೇಲೆ ಅದರ ಭುಜದ ಪಟ್ಟಿಗಳನ್ನು ಇನ್ನೊಬ್ಬರಿಂದ ಮೇಲಕ್ಕೆ ಎಳೆಸಿ ನೋಡಿ. ಗದ್ದ ದಾಟಿ ಬಂದರೆ ಬೇರೆಯದನ್ನು ಕೇಳಿ. ಇಳಿಜಾರಿನ ಕೆಳಗೆ ಯಾರು ನಿಂತಿರುತ್ತಾರೆ, ಅವರ ಬಳಿ ಹಗ್ಗ ಇದೆಯೇ ಎಂದೂ ವಿಚಾರಿಸಿ. ನೇರವಾದ ಉತ್ತರ ಸಿಗದಿದ್ದರೆ ಮುಂಗಡ ಹಣ ಹೋದರೂ ಸರಿಯೆಂದು ದಡದಲ್ಲೇ ಉಳಿಯಿರಿ.